ಲೋಡು, ಓಲಾಟ, ಒಂದು ರಾಡು

ಯಶವಂತಪುರದ ಎಪಿಎಂಸಿ ಯಾರ್ಡಿನ ಗೇಟಿನ ಪಕ್ಕ ನಿಂತು, ಲೋಡು ಹೊತ್ತು ಹೊರಬೀಳುವ ಪಿಕಪ್ ಗಾಡಿಗಳ ಹಿಂಭಾಗ ನೋಡುವುದೆಂದರೆ ನನಗೆ ಬಹಳ ಇಷ್ಟ. ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಈರುಳ್ಳಿ ಮೂಟೆ ಹೇರಿಕೊಂಡ ಗಾಡಿಯ ನಡಿಗೆ ಒಂದು ಬಗೆ, ಖಾಲಿ ಕ್ರೇಟು ಆಳೆತ್ತರಕ್ಕೆ ಪೇರಿಸಿಕೊಂಡ ಗಾಡಿಯದು ಇನ್ನೊಂದು ಬಗೆ. ಮೊದಲನೆಯದು ಹಿಂದಕ್ಕೆ ಕುಸಿದು, ಮೂತಿ ಎತ್ತಿಕೊಂಡು ನಿಧಾನವಾಗಿ ಹೊರಡುತ್ತದೆ. ಎರಡನೆಯದಕ್ಕೆ ತೂಕವೇ ಇಲ್ಲ, ಆದರೂ ರಸ್ತೆ ಅಂಚಿನಿಂದ ಎಡಗಾಲಿ ಇಳಿದದ್ದೇ ತಡ, ಬಾಡಿ ಪೂರಾ ಎಡಕ್ಕೆ ವಾಲುತ್ತದೆ, ಬಲಕ್ಕೆ ಬರುತ್ತದೆ, ಮತ್ತೆ ಎಡಕ್ಕೆ ಹೋಗುತ್ತದೆ. ಪಕ್ಕದಲ್ಲಿ ಸ್ಕೂಟರಿನ ಮೇಲಿದ್ದವರು ಬ್ರೇಕು ಹಿಡಿದು ಹಿಂದೆ ಸರಿಯುತ್ತಾರೆ. ಡ್ರೈವರಿಗೆ ಮಾತ್ರ ಅದು ದಿನಬೆಳಗಿನ ಮಾತು, ಸ್ಟೇರಿಂಗು ತುಸು ತಿರುಗಿಸಿ ಸಂಭಾಳಿಸಿಕೊಂಡು ಗೊರಗುಂಟೆಪಾಳ್ಯದ ಕಡೆ ಹೋಗಿಬಿಡುತ್ತಾನೆ.

ಈ ಓಲಾಟದ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ. ಮೈಲೇಜ್ ಎಷ್ಟು, ಎಷ್ಟು ಟನ್ ಎಳೆಯುತ್ತೆ, ಕಂತು ಎಷ್ಟು ಎಂದು ಕೇಳುತ್ತೇವೆ. ತಿರುವಿನಲ್ಲಿ ಎಷ್ಟು ವಾಲುತ್ತೆ ಎಂದು ಕೇಳುವವರಿಲ್ಲ. ಅದಕ್ಕೇ ಇವತ್ತು ಹಿಂದಿನ ಅಚ್ಚಿಗೆ ಹಾಕುವ ಒಂದು ಸಾಧಾರಣ ಉಕ್ಕಿನ ರಾಡಿನ ಬಗ್ಗೆ ಹರಟೋಣ ಎನಿಸಿತು. ಸ್ವೇ ಬಾರ್, ಆಂಟಿ-ರೋಲ್ ಬಾರ್, ಸ್ಟೆಬಿಲೈಸರ್ ರಾಡ್ ಎಂದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು. ವಸ್ತು ಒಂದೇ.

ಮೊದಲು ಗಾಡಿ ಯಾಕೆ ಓಲಾಡುತ್ತದೆ ಅನ್ನುವುದನ್ನು ನೋಡಬೇಕು. ನಮ್ಮ ಪಿಕಪ್‌ಗಳ ಹಿಂದೆ ಇರುವುದು ಒಂದೇ ಗಟ್ಟಿ ಅಚ್ಚು, ಅದರ ಮೇಲೆ ಎರಡು ಕಡೆ ಪ್ಲೇಟ್ ಸೆಟ್ಟು. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಯು-ಬೋಲ್ಟ್ ಬಿಗಿದಿರುತ್ತಾರಲ್ಲ, ಅದು. ಎತ್ತಿನ ಗಾಡಿ ಕಂಡ ನಾಡಿಗೆ ಒಂದೇ ಅಚ್ಚಿನ ಗುಣ ಹೊಸದಲ್ಲ: ಗಟ್ಟಿಮುಟ್ಟು, ಅಗ್ಗ, ರಿಪೇರಿ ಸುಲಭ, ಭಾರ ಹೊರಲು ಹೇಳಿ ಮಾಡಿಸಿದ್ದು. ಆದರೆ ಪ್ಲೇಟುಗಳು ಕೂರುವುದು ಗಾಲಿಗಳ ನೇರಕ್ಕಲ್ಲ, ಒಳಕ್ಕೆ, ಚಾಸಿಯ ಅಡಿಗೆ. ಓಲಾಟ ತಡೆಯುವ ಅವುಗಳ ಶಕ್ತಿ ಎರಡು ಪ್ಲೇಟುಗಳ ನಡುವಿನ ಅಂತರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಉದಾಹರಣೆಗೆ, ಗಾಲಿಯಿಂದ ಗಾಲಿಗೆ 1,400 ಮಿ.ಮೀ., ಪ್ಲೇಟಿನಿಂದ ಪ್ಲೇಟಿಗೆ 1,000 ಮಿ.ಮೀ. ಎಂದಿಟ್ಟುಕೊಳ್ಳಿ. ಅದೇ ಪ್ಲೇಟುಗಳು ಗಾಲಿಯ ನೇರಕ್ಕೇ ಇದ್ದಿದ್ದರೆ ಎಷ್ಟು ತಡೆಯುತ್ತಿದ್ದವೋ ಈಗ ಹೆಚ್ಚುಕಡಿಮೆ ಅದರ ಅರ್ಧ ಮಾತ್ರ ತಡೆಯುತ್ತವೆ. ಅಂದರೆ ತೂಕ ಹೊರುವುದರಲ್ಲಿ ಶೂರನಾದ ಪ್ಲೇಟು, ವಾಲುವುದನ್ನು ತಡೆಯುವುದರಲ್ಲಿ ಅರ್ಧ ಆಳು.

ಅಲ್ಲಿಗೆ ಬರುತ್ತದೆ ಈ ರಾಡು. ಗಾಡಿಯ ಅಗಲಕ್ಕೆ ಅಡ್ಡ ಮಲಗಿ, ಎರಡು ತುದಿಗಳೂ ಒಂದೇ ದಿಕ್ಕಿಗೆ ತೋಳಿನಂತೆ ಬಾಗಿದ ಸ್ಪ್ರಿಂಗ್ ಉಕ್ಕಿನ ಸಲಾಕೆ. ನಡುಭಾಗ ರಬ್ಬರ್ ಬುಷ್‌ಗಳೊಳಗೆ ತಿರುಗುವಂತೆ ಅಚ್ಚಿಗೆ ಕೂತಿರುತ್ತದೆ. ತೋಳುಗಳ ತುದಿಯಿಂದ ಚಾಸಿಗೆ ಎರಡು ಪುಟ್ಟ ಲಿಂಕ್‌ಗಳು. ಕೆಲವು ಗಾಡಿಗಳಲ್ಲಿ ಇದು ತಿರುವುಮುರುವು, ರಾಡು ಚಾಸಿಗೆ, ಲಿಂಕು ಅಚ್ಚಿಗೆ. ಹಂಪ್ಸ್ ಮೇಲೆ ಎರಡೂ ಗಾಲಿ ಒಟ್ಟಿಗೆ ಎದ್ದರೆ ಎರಡು ತೋಳೂ ಒಟ್ಟಿಗೆ ಏಳುತ್ತವೆ, ರಾಡು ಬುಷ್‌ನೊಳಗೆ ಸುಮ್ಮನೆ ತಿರುಗುತ್ತದೆ, ಕೆಲಸವೇನಿಲ್ಲ. ಗಾಡಿ ಒಂದು ಕಡೆಗೆ ವಾಲಿದಾಗ ಮಾತ್ರ ಒಂದು ತೋಳು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಒಗೆದ ಜಮಖಾನವನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಿದಾಗ ಹೇಗೆ ಹುರಿಗೊಳ್ಳುತ್ತದೋ ಹಾಗೆ ಉಕ್ಕು ಹುರಿಗೊಳ್ಳುತ್ತದೆ. ಉಕ್ಕಾದ್ದರಿಂದ ಅದು ಸುಮ್ಮನಿರುವುದಿಲ್ಲ, ತನ್ನ ಮೊದಲಿನ ರೂಪಕ್ಕೆ ಮರಳಲು ಹೆಣಗುತ್ತದೆ. ಆ ಹೆಣಗಾಟವೇ ಗಾಡಿಯನ್ನು ನೆಟ್ಟಗೆ ನಿಲ್ಲಿಸುವ ಬಲ.

ಇದಕ್ಕೆ ಮೊದಲ ಪೇಟೆಂಟ್ ಸಿಕ್ಕಿದ್ದು 1919ರಲ್ಲಿ, ಕೆನಡಾದ ಸ್ಟೀಫನ್ ಕೋಲ್ಮನ್ ಎಂಬವರಿಗೆ. ನೂರು ವರ್ಷ ದಾಟಿದರೂ ಮೂಲ ಉಪಾಯ ಅದೇ. ರಾಡಿನ ದಪ್ಪದಲ್ಲಿ ಮಾತ್ರ ಒಂದು ಗುಟ್ಟಿದೆ. ಗಟ್ಟಿತನ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 20 ಮಿ.ಮೀ. ರಾಡಿನ ಬದಲು 22 ಮಿ.ಮೀ. ಹಾಕಿದರೆ ಗಟ್ಟಿತನ ಸುಮಾರು ಶೇ. 46ರಷ್ಟು ಹೆಚ್ಚು, 25 ಮಿ.ಮೀ. ಹಾಕಿದರೆ ಎರಡೂವರೆ ಪಟ್ಟಿನ ಹತ್ತಿರ. ಎರಡು ಮಿಲಿಮೀಟರ್ ಅಂದರೆ ಕಣ್ಣಿಗೆ ಏನೂ ಅಲ್ಲ, ತಿರುವಿನಲ್ಲಿ ಅದು ಬೇರೆಯದೇ ಗಾಡಿ. ಆದ್ದರಿಂದ 'ದಪ್ಪ ಇದ್ದಷ್ಟೂ ಒಳ್ಳೇದು' ಎಂಬ ಮಾತನ್ನು ಈ ಅಂಗಡಿಯಲ್ಲಿ ಆಡಬಾರದು.

ಅಚ್ಚಿನ ಮಾತು ಬಂದಮೇಲೆ ಯಲಹಂಕವನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಕೆಂಪೇಗೌಡರ ವಂಶದವರು ಆಳಿದ ಊರು ಎಂದು ಎಲ್ಲರಿಗೂ ಗೊತ್ತು. 1984ರಿಂದ ಅಲ್ಲಿ ಭಾರತೀಯ ರೈಲ್ವೆಯ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಇದೆ ಎಂಬುದನ್ನೂ ಅಷ್ಟೇ ಅಭಿಮಾನದಿಂದ ನೆನೆಯಬೇಕು. ಹಳೆಯ ಉಕ್ಕನ್ನು ಕರಗಿಸಿ ಗಾಲಿ ಎರಕ ಹೊಯ್ಯುತ್ತಾರೆ, ಅಚ್ಚು ಕುಟ್ಟಿ ತಿದ್ದುತ್ತಾರೆ, ಗಾಲಿಯನ್ನು ಅಚ್ಚಿಗೆ ಒತ್ತಿ ಕೂರಿಸುತ್ತಾರೆ. ದೇಶದ ಮೂಲೆಮೂಲೆಯಲ್ಲಿ ಓಡುವ ಎಷ್ಟೋ ರೈಲುಗಳ ಕಾಲು ಯಲಹಂಕದ್ದು. ರೈಲಿಗೂ ನಮ್ಮ ಮಾತಿಗೂ ಏನು ನಂಟು ಅಂತೀರಾ? ಯಶವಂತಪುರದಿಂದ ಹಳೆಯ ನೀಲಿ ಡಬ್ಬಿಯ ರೈಲಿನಲ್ಲಿ ಹೋದವರಿಗೆ ಮೇಲಿನ ಬರ್ತ್‌ನಲ್ಲಿ ಮಲಗಿದಾಗಿನ ತೂಗಾಟ ನೆನಪಿರಬೇಕು. ಪೆರಂಬೂರಿನ ಕಾರ್ಖಾನೆ ಆ ಮಾದರಿಯ ಡಬ್ಬಿ ಮಾಡುವುದನ್ನು 2018ರಲ್ಲಿ ನಿಲ್ಲಿಸಿತು. ಈಗ ಬರುತ್ತಿರುವ ಎಲ್‌ಎಚ್‌ಬಿ ಬೋಗಿಗಳ ಕೆಳಗೆ ಹಣಕಿ ನೋಡಿದರೆ ನಮ್ಮ ರಾಡಿನ ಅಣ್ಣನೇ ಕೂತಿದ್ದಾನೆ. ಸ್ಪ್ರಿಂಗುಗಳನ್ನು ಮೆತ್ತಗೆ ಇಟ್ಟು ಪ್ರಯಾಣ ಹಿತವಾಗಿರಲಿ, ವಾಲುವುದನ್ನು ಮಾತ್ರ ಬೇರೆ ಸಲಾಕೆ ನೋಡಿಕೊಳ್ಳಲಿ ಎಂಬ ಲೆಕ್ಕ ಅಲ್ಲಿಯದು. ಹೊರುವ ಕೆಲಸ ಒಬ್ಬನಿಗೆ, ವಾಲದಂತೆ ಹಿಡಿಯುವ ಕೆಲಸ ಇನ್ನೊಬ್ಬನಿಗೆ. ನಾನು ಹೇಳಹೊರಟಿರುವುದರ ತಿರುಳೂ ಇದೇ.

ಏಕೆಂದರೆ ನಮ್ಮ ಕಡೆ ಈ ಎರಡು ಕೆಲಸವನ್ನೂ ಪ್ಲೇಟಿನ ತಲೆಗೇ ಕಟ್ಟುತ್ತಾರೆ. ತುಮಕೂರು ರಸ್ತೆಯ ಬದಿಯ ಒಂದು ಶೆಡ್ಡಿನಲ್ಲಿ ಕೇಳಿದ ಮಾತು ಇದು. ಡ್ರೈವರ್ ಇನ್ನೂ ಎಳೆಯ ಹುಡುಗ, ಮನೆ ಶಿಫ್ಟಿಂಗ್ ಬಾಡಿಗೆ ಹೊಡೆಯುವವನು. ಮೆಕ್ಯಾನಿಕ್ ವಯಸ್ಸಾದವರು.

"ಭಾಯ್, ಹಿಂದಕ್ಕೆ ಇನ್ನೆರಡು ಪ್ಲೇಟ್ ಹಾಕ್ಬಿಡಿ. ಗಾಡಿ ತುಂಬಾ ಆಡ್ತದೆ."

"ಲೋಡ್ ಎಷ್ಟು ಹಾಕ್ತೀಯಾ ತಮ್ಮಾ?"

"ಲೋಡ್ ಅಂಥದ್ದೇನಿಲ್ಲ ಭಾಯ್. ಸೋಫಾ, ಬೀರು, ಮಂಚ, ವಾಷಿಂಗ್ ಮಷಿನ್. ತೂಕ ಕಮ್ಮಿ, ಹೈಟ್ ಜಾಸ್ತಿ."

"ತೂಕ ಕಮ್ಮಿ ಅಂದ್ಮೇಲೆ ಪ್ಲೇಟ್ ಯಾಕೆ? ಗಾಡಿ ಕೂತ್ಕೊಳ್ತಾ ಇಲ್ವಲ್ಲ, ಆಡ್ತಾ ಇರೋದು ತಾನೆ? ಕೂತ್ಕೊಳ್ಳೋ ಗಾಡಿಗೆ ಒಂದು ಮದ್ದು, ಆಡೋ ಗಾಡಿಗೆ ಇನ್ನೊಂದು ಮದ್ದು."

ಹೀಗೆಂದವರೇ ಗೋಣಿತಟ್ಟು ಹಾಸಿಕೊಂಡು ಗಾಡಿಯ ಕೆಳಗೆ ಜಾರಿದರು. ಪ್ಲೇಟಿನ ಹಿಂದಿನ ತುದಿ ಶ್ಯಾಕಲ್‌ಗೆ ಸೇರುವಲ್ಲಿ ಲಿವರ್ ತೂರಿಸಿ ಮೀಟಿದರು. ಟಕ್ಕೆಂದಿತು. ಇನ್ನೊಂದು ಬದಿಯಲ್ಲೂ ಟಕ್ಕೆಂದಿತು. ಪಿನ್ನು ಬಿಚ್ಚಿ ತೆಗೆದ ಬುಷ್‌ನ ರಬ್ಬರು ಒಂದು ಮಗ್ಗುಲಲ್ಲಿ ಪೂರ್ತಿ ಸವೆದು, ಕಬ್ಬಿಣ ಕಬ್ಬಿಣಕ್ಕೆ ತಾಗಿ ಹೊಳೆಯುತ್ತಿತ್ತು. ಆ ಹುಡುಗನ ಕೈಗೆ ಅದನ್ನಿಟ್ಟು, "ಮೊದಲು ಇದು. ಆಮೇಲೆ ಶಾಕ್ ಅಬ್ಸಾರ್ಬರ್. ಆಮೇಲೂ ಆಡಿದ್ರೆ ರಾಡ್ ಹಾಕೋಣ. ಪ್ಲೇಟ್ ಮಾತು ಮರೆತ್ಬಿಡು" ಎಂದರು. ಇಂಥ ಮೆಕ್ಯಾನಿಕ್ ಸಿಕ್ಕಿದರೆ ಬಿಡಬೇಡಿ. ಅವರ ಮಾತಿನಲ್ಲಿರುವ ಅನುಕ್ರಮ ಎಂಜಿನಿಯರಿಂಗ್ ಪುಸ್ತಕದ ಅನುಕ್ರಮವೇ.

ಹೆಚ್ಚಿಗೆ ಪ್ಲೇಟ್ ಹಾಕಿಸಿದರೆ ಗಾಡಿ ಆಡುವುದು ತುಸು ಕಡಿಮೆಯಾಗುವುದು ನಿಜ. ಆದರೆ ಅದರ ಬೆಲೆಯನ್ನು ಎಲ್ಲ ಕಡೆಯೂ ತೆರಬೇಕು. ಖಾಲಿ ಗಾಡಿ ಪ್ರತಿ ಹಂಪ್ಸ್‌ಗೂ ಕುಪ್ಪಳಿಸುತ್ತದೆ, ಬೆನ್ನು ಹೋಗುತ್ತದೆ, ಚಾಸಿಯ ಬ್ರಾಕೆಟ್ ಸೀಳುತ್ತದೆ. ಇನ್ನೂ ಒಂದು ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಕಟ್ಟಿದ ವಾಲ್ವ್ ಇರುತ್ತದೆ, ಎಲ್‌ಎಸ್‌ಪಿವಿ ಎನ್ನುತ್ತಾರೆ. ಗಾಡಿ ಎಷ್ಟು ಕುಸಿದಿದೆ ಎಂದು ನೋಡಿ ಲೋಡು ಎಷ್ಟಿದೆ ಎಂದು ಅಳೆದು, ಅದಕ್ಕೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡ ಬಿಡುವುದು ಅದರ ಕೆಲಸ. ಪ್ಲೇಟ್ ಹಾಕಿಸಿ ಗಾಡಿಯನ್ನು ಎತ್ತರಿಸಿದಿರೋ, ಲೋಡು ಇದ್ದರೂ ಅದು ಖಾಲಿ ಎಂದೇ ತಿಳಿಯುತ್ತದೆ. ಹಿಂದಿನ ಬ್ರೇಕು ಹಿಡಿಯಬೇಕಾದಷ್ಟು ಹಿಡಿಯುವುದಿಲ್ಲ. ರಾಡಿಗೆ ಈ ದೋಷವಿಲ್ಲ. ಅದು ಗಾಡಿಯನ್ನು ಎತ್ತುವುದಿಲ್ಲ, ತೂಕ ಹೊರುವುದಿಲ್ಲ. ಹಾಕುವಾಗ ಆ ಕಡ್ಡಿಗೆ, ಬ್ರೇಕ್ ಪೈಪಿಗೆ, ಪ್ರೊಪೆಲ್ಲರ್ ಶಾಫ್ಟಿಗೆ, ಸ್ಟೆಪ್ನಿಗೆ ತಾಗದಂತೆ ನೋಡಿಕೊಂಡರೆ ಆಯಿತು. ಅದನ್ನು ಜ್ಯಾಕಿನ ಮೇಲೆ ಗಾಲಿ ತೂಗಿಬಿಟ್ಟೂ ನೋಡಬೇಕು, ಲೋಡು ತುಂಬಿಸಿ ಕುಸಿಸಿಯೂ ನೋಡಬೇಕು. ಅಚ್ಚಿನ ಹೌಸಿಂಗಿಗೆ ವೆಲ್ಡಿಂಗ್ ಮುಟ್ಟಿಸಲೇಬಾರದು, ಕ್ಲ್ಯಾಂಪ್ ಹಾಕಿ ಬಿಗಿಯಬೇಕು. ಹೊಸ ಬೋಲ್ಟುಗಳನ್ನು ಸ್ವಲ್ಪ ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಬೇಕು.

ಲೋಡಿನಲ್ಲೂ ಜಾತಿ ಎಷ್ಟೊಂದು ನೋಡಿ. ಈರುಳ್ಳಿ ಮೂಟೆ ಸಾಧು, ಹಾಕಿದ ಕಡೆ ಮಲಗಿರುತ್ತದೆ. ಯಲಹಂಕದ ಮದರ್ ಡೇರಿಯಿಂದ ಬೆಳಗಿನ ಜಾವ ಹೊರಡುವ ಹಾಲಿನ ಗಾಡಿಗಳ ಕ್ರೇಟು ಒಂದರೊಳಗೊಂದು ಕಚ್ಚಿಕೊಂಡು ನಿಲ್ಲುತ್ತವೆ, ಎತ್ತರವಾದರೂ ಅಲುಗಾಡುವುದಿಲ್ಲ. ನೀರು ಹಾಗಲ್ಲ. ಬೇಸಿಗೆಯಲ್ಲಿ ಪಿಕಪ್ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಕಟ್ಟಿಕೊಂಡು ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ನೀರು ಮಾರುವವರನ್ನು ನೋಡಿರುತ್ತೀರಿ. ತುಂಬಿದ ಟ್ಯಾಂಕಿಗಿಂತ ಅರ್ಧ ಖಾಲಿಯಾದ ಟ್ಯಾಂಕೇ ಹೆಚ್ಚು ಅಪಾಯ, ಯಾಕೆಂದರೆ ಒಳಗೆ ನೀರಿಗೆ ಓಡಾಡಲು ಜಾಗ ಸಿಗುತ್ತದೆ. ಗಾಡಿ ಎಡಕ್ಕೆ ತಿರುಗಿದರೆ ನೀರು ಬಲಕ್ಕೆ ನುಗ್ಗುತ್ತದೆ, ಗಾಡಿ ನೆಟ್ಟಗಾದರೆ ಹಿಂದಿರುಗಿ ಬಂದು ಹೊಡೆಯುತ್ತದೆ.

ಇನ್ನು ದನಗಳು. ದೊಡ್ಡಬಳ್ಳಾಪುರದ ಆಚೆಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಿಂದೆ ಜೋಡೆತ್ತುಗಳನ್ನು ನಡೆಸಿಕೊಂಡೇ ಹೋಗುತ್ತಿದ್ದರು. ಈಗ ಹಳ್ಳಿಕಾರ್ ಹೋರಿಗಳು ಕೊಂಬಿಗೆ ಬಣ್ಣ ಬಳಿಸಿಕೊಂಡು ಪಿಕಪ್ ಏರಿ ಬರುತ್ತವೆ. ನಿಂತ ಎತ್ತಿನ ಭಾರವೆಲ್ಲ ಮೇಲೆ, ಕಾಲುಗಳು ತೆಳ್ಳಗೆ. ತಿರುವಿನಲ್ಲಿ ಗಾಡಿ ವಾಲಿದರೆ ಎತ್ತು ಬೆದರಿ ಕಾಲು ಕಿತ್ತಿಡುತ್ತದೆ, ಅದು ಕಾಲಿಟ್ಟ ಕಡೆಗೆ ಗಾಡಿ ಇನ್ನಷ್ಟು ವಾಲುತ್ತದೆ. ದನ ಸಾಗಿಸುವ ರೈತರಿಗೆ ಈ ರಾಡನ್ನು ನಾನು ಎಲ್ಲರಿಗಿಂತ ಮೊದಲು ಹೇಳುತ್ತೇನೆ. ವರ್ಷಗಟ್ಟಲೆ ಹುರುಳಿ ಬೇಯಿಸಿ ಹಾಕಿ ಸಾಕಿದ ಜೋಡಿ ಅದು, ಜಾತ್ರೆಗೆ ಹೋಗುವ ದಾರಿಯಲ್ಲಿ ಬಿದ್ದು ಕಾಲು ಮುರಿದುಕೊಳ್ಳಬಾರದು.

ಹಾಗೆಂದು ರಾಡು ಹಾಕಿದ್ದೇ ಗಾಡಿ ಪಲ್ಟಿಯಾಗುವುದಿಲ್ಲ ಎಂದು ಯಾರೂ ತಿಳಿಯಬಾರದು. ಪಲ್ಟಿಯಾಗುವ ಲೆಕ್ಕ ಬೇರೆ. ಗಾಲಿಗಳ ಅಗಲದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಮುಖ್ಯ. ಲೋಡು ಎತ್ತರವಾದಷ್ಟೂ ಅದು ಕುಗ್ಗುತ್ತದೆ. ರಾಡು ಮಾಡುವುದಿಷ್ಟೇ: ಬಾಡಿ ವಾಲಿ ಭಾರ ಹೊರಕ್ಕೆ ಸರಿಯುವುದನ್ನು ಕಡಿಮೆ ಮಾಡುತ್ತದೆ, ಎಡ ಬಲ ಎಂದು ತೂಗಾಡದಂತೆ ಬೇಗ ಹಿಡಿಯುತ್ತದೆ. ವೇಗದ ಲೆಕ್ಕವನ್ನಂತೂ ಯಾವ ರಾಡೂ ಬದಲಿಸದು. ಅದೇ ತಿರುವನ್ನು ಗಂಟೆಗೆ 30 ಕಿ.ಮೀ. ಬದಲು 40ರಲ್ಲಿ ತೆಗೆದುಕೊಂಡರೆ ಹೊರಕ್ಕೆ ಎಳೆಯುವ ಬಲ ಮುಕ್ಕಾಲು ಪಾಲಿಗಿಂತಲೂ ಹೆಚ್ಚಾಗುತ್ತದೆ.

ಹೆಬ್ಬಾಳದ ಮೇಲ್ಸೇತುವೆ ಇದಕ್ಕೆ ಒಳ್ಳೆಯ ಪಾಠಶಾಲೆ. 2003ರಲ್ಲಿ ಅದು ಆದಾಗ ಆ ಕಡೆ ಇಷ್ಟು ಜನ ಇರಲಿಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದಮೇಲೆ ಬಳ್ಳಾರಿ ರಸ್ತೆಯ ವೇಗವೇ ಬದಲಾಯಿತು. ನೇರ ರಸ್ತೆಯಲ್ಲಿ ರಭಸದಿಂದ ಬಂದವರು ಸೇತುವೆಯ ಸುತ್ತುವ ಬಾಗುಗಳಿಗೆ ಅದೇ ವೇಗದಲ್ಲಿ ತಿರುಗುತ್ತಾರೆ. ಅಲ್ಲಿ ಲೋಡು ಗಾಡಿ ವಾಲಿದರೆ ವಾಲುವುದು ಪಕ್ಕದ ಬೈಕಿನವರ ಕಡೆಗೆ.

ಖಾಲಿ ಗಾಡಿಯದು ಬೇರೆ ಕಥೆ, ಅದನ್ನು ಹೇಳದೆ ರಾಡಿನ ಗುಣಗಾನ ಮಾಡಿದರೆ ತಪ್ಪಾಗುತ್ತದೆ. ಲೋಡು ಇಳಿಸಿ ಬರುವ ಪಿಕಪ್‌ನ ಹಿಂಭಾಗ ಹಗುರ. ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ಸರಿಯುವ ಒಟ್ಟು ಭಾರವನ್ನು ರಾಡು ಅಷ್ಟೇನೂ ಕಡಿಮೆ ಮಾಡುವುದಿಲ್ಲ, ಅದರಲ್ಲಿ ಮುಂದಿನ ಅಚ್ಚಿನ ಪಾಲೆಷ್ಟು, ಹಿಂದಿನದರ ಪಾಲೆಷ್ಟು ಎಂಬ ಹಂಚಿಕೆಯನ್ನು ಬದಲಿಸುತ್ತದೆ. ಹಿಂದೆ ಅತಿ ಗಟ್ಟಿ ರಾಡು ಹಾಕಿದರೆ ಹಿಂದಿನ ಒಳಗಾಲಿ ರಸ್ತೆಯ ಹಿಡಿತ ಬಿಡುತ್ತದೆ, ಮೊದಲ ಮಳೆಯ ಜಿಡ್ಡು ರಸ್ತೆಯಲ್ಲಿ ಗಾಡಿಯ ಬಾಲ ಪಕ್ಕಕ್ಕೆ ಜಾರುತ್ತದೆ. ಗುಂಡಿಗೆ ಒಂದೇ ಗಾಲಿ ಬಿದ್ದರೆ ಅದರ ಪೆಟ್ಟನ್ನು ಇನ್ನೊಂದು ಬದಿಗೂ ದಾಟಿಸುತ್ತದೆ. ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ. ಖಾಲಿಯಾಗಿಯೇ ಓಡುವ ಮನೆಬಳಕೆಯ ಪಿಕಪ್‌ಗಳಿಗೂ ಈ ಮಾತು ಅನ್ವಯ. ಇಸುಜು ವಿ-ಕ್ರಾಸ್ 2016ರಲ್ಲಿ ಬಂತು, ಟೊಯೋಟಾ ಹೈಲಕ್ಸ್ 2022ರಲ್ಲಿ. ಸಹಕಾರನಗರ, ಯಲಹಂಕ ಉಪನಗರದ ಮನೆಗಳ ಮುಂದೆ ಅಂಥವು ನಿಂತಿರುವುದು ಈಗ ಅಪರೂಪವಲ್ಲ. ಭಾನುವಾರ ಮುಂಜಾನೆ ನಂದಿಬೆಟ್ಟದ ತಿರುವುಗಳಿಗೆ ಖಾಲಿ ಬೆನ್ನಿನಲ್ಲಿ ಏರಿಸುವವರು ಹಿಂದೆ ರಾಡು ಹಾಕಿಸುವುದಾದರೆ ತೆಳುವಾದ್ದನ್ನು ಹಾಕಿಸಲಿ, ಮಳೆಯಲ್ಲಿ ಮೆಲ್ಲಗೆ ಓಡಿಸಿ ಗಾಡಿಯ ಹೊಸ ಗುಣ ತಿಳಿದುಕೊಳ್ಳಲಿ.

ಕಾನೂನಿನ ಮಾತೂ ಇದೆ. ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿ ಹಿಡಿದಿದೆ. ಆದ್ದರಿಂದ ಕೆಎ-04 ಇರಲಿ, ಕೆಎ-50 ಇರಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಮೊದಲು ಕೇಳಿ ಬರೆಸಿಕೊಳ್ಳಿ. ಅದೇ ಮಾದರಿಯ ಇನ್ನೊಂದು ಗಾಡಿಗೆ ಕಂಪನಿಯೇ ಹಿಂದಿನ ರಾಡು ಕೊಡುತ್ತಿದ್ದರೆ ಆ ಬಿಡಿಭಾಗವೇ ಎಲ್ಲಕ್ಕಿಂತ ಒಳ್ಳೆಯದು, ಬೋಲ್ಟಿನ ತೂತು ಸಹ ಸರಿಹೊಂದುವ ಸಾಧ್ಯತೆ ಹೆಚ್ಚು. ರಾಡು ಹಾಕಿಸಿದೆ, ಇನ್ನು ಹೆಚ್ಚು ಹೇರಬಹುದು ಎಂದು ಮಾತ್ರ ಹೊರಡಬೇಡಿ. ಮಿತಿ ಮೀರಿದ ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000.

ಇಷ್ಟೆಲ್ಲ ಹರಟಿದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಗಾಡಿ ಎಷ್ಟು ಹೊರುತ್ತದೆ ಎಂಬುದು ಮಾಲೀಕನ ವಿಷಯ. ಎಷ್ಟು ವಾಲುತ್ತದೆ ಎಂಬುದು ಅದರ ಪಕ್ಕದಲ್ಲಿ ಹೋಗುವ ಪ್ರತಿಯೊಬ್ಬರ ವಿಷಯ. ಸ್ಕೂಟರಿನಲ್ಲಿ ಮಗುವನ್ನು ಶಾಲೆಗೆ ಬಿಡಲು ಹೋಗುವ ತಾಯಿಗೆ ನಿಮ್ಮ ಗಾಡಿಯ ಪ್ಲೇಟು ಎಷ್ಟಿದೆ ಎಂಬುದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದು ತನ್ನ ಮೇಲೆ ವಾಲುವುದಿಲ್ಲ ಎಂಬ ನಂಬಿಕೆಯಲ್ಲಿ ಆಕೆ ಪಕ್ಕದಲ್ಲಿ ನಿಂತಿದ್ದಾಳೆ. ಹೀಗಾಗಿ ಟೈರಿನ ಗಾಳಿ ನೋಡಿ, ಬುಷ್ ನೋಡಿ, ಶಾಕ್ ನೋಡಿ, ಭಾರದ ಸಾಮಾನನ್ನು ಕೆಳಗೂ ಮುಂದಕ್ಕೂ ಹೇರಿ, ಹಗ್ಗ ಬಿಗಿಯಾಗಿ ಕಟ್ಟಿ. ಆಮೇಲೂ ಓಲಾಡಿದರೆ ಹದವಾದ ರಾಡು ಹಾಕಿಸಿ. ಹೊಸ ಗಾಡಿ ಕೊಳ್ಳುವವರು ಶೋರೂಮಿನಲ್ಲಿ ಮೈಲೇಜಿಗಿಂತ ಮುಂಚೆ, "ಹಿಂದಕ್ಕೆ ಸ್ಟೆಬಿಲೈಸರ್ ಇದೆಯಾ?" ಎಂದು ಕೇಳಿ. ನಾಲ್ಕು ಜನ ಕೇಳಿದರೆ ಸೇಲ್ಸ್‌ಮನ್ ತಿಳಿದುಕೊಂಡು ಬರುತ್ತಾನೆ, ನಾಲ್ಕು ಸಾವಿರ ಜನ ಕೇಳಿದರೆ ಕಾರ್ಖಾನೆಯವರೇ ಹಾಕಿ ಕೊಡುತ್ತಾರೆ.